ನಲವತ್ತೆಂಟು ಸಲ ಬೀಳದ ಆರು

ಐದನೆಯ ಸಲವೂ ಹೆಡ್ಸೇ ಬಿತ್ತು.

ಲ್ಯಾಬಿನ ಸೆಕ್ಯುರಿಟಿ ಮುಖ್ಯಸ್ಥೆ ಅಲ್ವಾರೆಸ್ ಮೇಜಿನ ಮೇಲಿದ್ದ ಕ್ವಾರ್ಟರ್ ನಾಣ್ಯವನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಎದುರಿಗೆ ಕೂತಿದ್ದ ಮೈಥಿಲಿಯ ಮುಖವನ್ನೂ ಅದೇ ಅನುಮಾನದಿಂದ ನೋಡಿದಳು. ನಾಣ್ಯ ಅವಳ ಪರ್ಸಿನದೇ, ಚಿಮ್ಮಿದ್ದು ಅವಳ ಹೆಬ್ಬೆರಳೇ. ಆದರೂ ಒಂದೇ ಕಡೆ ಸಾಲಾಗಿ ಐದು ಸಲ ಬಿದ್ದರೆ ಯಾರಿಗಾದರೂ ಇದರಲ್ಲಿ ಏನೋ ಮಸಲತ್ತಿದೆ ಅನ್ನಿಸುತ್ತದೆ.

ನಿಲ್ಲಿಸಬೇಡಿ, ಇನ್ನೂ ಚಿಮ್ಮಿ ಎಂದಳು ಮೈಥಿಲಿ. ಮೂವತ್ತು ಸಲ ಮುಗಿದಾಗ ಹೆಡ್ಸ್ ಹದಿನಾರು, ಟೇಲ್ಸ್ ಹದಿನಾಲ್ಕು. ಅದರ ಪಕ್ಕಕ್ಕೆ ಅವಳು ಇನ್ನೊಂದು ಕಾಗದ ಇಟ್ಟಳು. ಅದು ಅರ್ಧ ಗಂಟೆಯ ಹಿಂದೆ ಅಲ್ವಾರೆಸ್ ನಾಣ್ಯವಿಲ್ಲದೆ, ಚಿಮ್ಮಿದ ಹಾಗೆ ಮನಸ್ಸಿನಲ್ಲೇ ಊಹಿಸಿಕೊಂಡು ಬರೆದ ಮೂವತ್ತು. ಅದರಲ್ಲಿ ಎಲ್ಲೂ ಮೂರಕ್ಕಿಂತ ಉದ್ದದ ಸಾಲಿರಲಿಲ್ಲ.

ಮೂವತ್ತು ಸಲ ಚಿಮ್ಮಿದರೆ ಐದರ ಸಾಲು ಬರುವುದು ಅರ್ಧಕ್ಕಿಂತ ಹೆಚ್ಚು ಸಲ ಆಗುತ್ತದೆ ಎಂದು ಮೈಥಿಲಿ ವಿವರಿಸಿದಳು. ನಾಣ್ಯಕ್ಕೆ ಹಿಂದಿನ ಸಲದ ನೆನಪಿರುವುದಿಲ್ಲ. ಮನುಷ್ಯರಿಗೆ ಇರುತ್ತದೆ. ಮೂರು ಸಲ ಹೆಡ್ಸ್ ಬರೆದವರ ಕೈ ನಾಲ್ಕನೆಯ ಸಲ ತಾನಾಗಿ ಟೇಲ್ಸ್ ಬರೆಯುತ್ತದೆ, ಅಂದವಾಗಿ ಹಂಚುತ್ತದೆ, ಮತ್ತು ಅಲ್ಲೇ ಸಿಕ್ಕಿಬೀಳುತ್ತದೆ.

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಆ ಲ್ಯಾಬಿನ ಶೀತಲ ಕೋಣೆಯಿಂದ ಹದಿನಾಲ್ಕು ಸೀಸೆ ಜೀವಕೋಶ ಹೊರಗೆ ಹೋಗಿ, ಅರ್ಧ ಖಾಲಿಯಾಗಿ, ಪ್ರತಿ ಸಲವೂ ಮುಂದಿನ ಹಠಾತ್ ತಪಾಸಣೆಯ ಮೊದಲೇ ಜಾಗಕ್ಕೆ ಮರಳಿದ್ದವು. ತಪಾಸಣೆ ಯಾವಾಗ ಎಂದು ಕಳ್ಳರಿಗೆ ಮೊದಲೇ ಗೊತ್ತಿತ್ತು ಅನ್ನುವುದರಲ್ಲಿ ಎರಡು ಮಾತಿರಲಿಲ್ಲ.

ತಪಾಸಣೆಯ ಸಮಯಗಳನ್ನು ಕಂಪ್ಯೂಟರ್ ಆರಿಸಬೇಕಿತ್ತು, ಯಾವ ಲೆಕ್ಕಕ್ಕೂ ಸಿಗದ ಹಾಗೆ. ಆ ಪ್ರೋಗ್ರಾಮು ಬರೆದವಳು ಗಾನವಿ, ಮಂಡ್ಯದ ಹುಡುಗಿ, ಇಪ್ಪತ್ತಾರು ವರ್ಷ. ತಿಂಗಳಿಗೊಂದು ಸಲ ಪಟ್ಟಿಯನ್ನು ಫ್ಲಾಪಿಗೆ ಹಾಕಿ ಅವಳು ಕಟ್ಟಡಗಳ ಉಸ್ತುವಾರಿಯ ಡೈರೆಕ್ಟರ್ ಶಿವಪ್ರಕಾಶ್ ಅವರಿಗೆ ಕೊಡುತ್ತಿದ್ದಳು. ಅವರು ಪ್ರಿಂಟು ತೆಗೆದು ತಪಾಸಣೆಯವರಿಗೆ ದಾಟಿಸುತ್ತಿದ್ದರು. ಪಟ್ಟಿ ಮುಟ್ಟಿದ್ದು ಈ ಎರಡೇ ಜೊತೆ ಕೈ. ಮೇ ತಿಂಗಳಲ್ಲಿ ಗಾನವಿಯ ಹಾರ್ಡ್ ಡಿಸ್ಕು ಕೆಟ್ಟು ಎಲ್ಲ ಅಳಿಸಿಹೋಗಿತ್ತು, ಫ್ಲಾಪಿಯ ಮೇಲೆ ತಿಂಗಳು ತಿಂಗಳೂ ಹೊಸದು ಬರೆಯುತ್ತಿದ್ದುದರಿಂದ ಹಳೆಯದು ಉಳಿದಿರಲಿಲ್ಲ. ಉಳಿದದ್ದು ಪ್ರಿಂಟುಗಳು ಮಾತ್ರ.

ಮೈಥಿಲಿ ಆ ಪ್ರಿಂಟುಗಳ ಮೇಲೆ ಬೆರಳಿಟ್ಟಳು. ಜನವರಿಯಿಂದ ಮೇವರೆಗೆ ಅರವತ್ತು ತಪಾಸಣೆ. ಒಂದೇ ದಿನ ಎರಡು ಬಿದ್ದದ್ದು ಒಮ್ಮೆಯೂ ಇಲ್ಲ. ನಿಜವಾಗಿ ಕಂಪ್ಯೂಟರ್ ಆರಿಸಿದ್ದರೆ ಹತ್ತು ಹದಿನೈದು ಸಲವಾದರೂ ಹಾಗೆ ಬೀಳಬೇಕಿತ್ತು. ಇದನ್ನು ಯಾರೋ ಕೂತು ಕೈಯಲ್ಲಿ ಬರೆದಿದ್ದಾರೆ.

ಅಲ್ವಾರೆಸ್ ಒಪ್ಪಿದಳು. ಒಪ್ಪಿ, ಹಾಗಾದರೆ ಕೈಯಲ್ಲಿ ಬರೆದವಳು ಆ ಹುಡುಗಿಯೇ ಎಂದಳು. ಪ್ರೋಗ್ರಾಮು ಬರೆಯಬೇಕಾದವಳು ಅವಳು, ಡಿಸ್ಕು ಕೆಟ್ಟದ್ದು ಅವಳದು. ನಾಳೆ ಗುರುವಾರ ಸಂಜೆ ಐದಕ್ಕೆ ಅವಳ ಕೆಲಸ ಮುಗಿಯುತ್ತದೆ, ಕಾಗದ ಸಿದ್ಧವಾಗಿದೆ.

ಕೆಲಸ ಹೋದರೆ ವೀಸಾ ಹೋಗುತ್ತದೆ. ಕಳ್ಳಿ ಅನ್ನಿಸಿಕೊಂಡು ಹೋದರೆ ಆ ಹೆಸರು ಯಾವ ದೇಶಕ್ಕೆ ಹೋದರೂ ಅವಳಿಗಿಂತ ಮೊದಲು ಹೋಗಿ ಕೂತಿರುತ್ತದೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಗಾನವಿ ಆರು ತಿಂಗಳು ಮೈಥಿಲಿಯ ಮನೆಯ ಮಹಡಿ ಕೋಣೆಯಲ್ಲಿದ್ದಳು. ಬಸ್ಸಾರು ಮಾಡಿ ಬಡಿಸಿ, ಉಪ್ಪು ಸರಿಯಾಯ್ತಾ ಅಕ್ಕಾ ಎಂದು ಎರಡೆರಡು ಸಲ ಕೇಳುತ್ತಿದ್ದ ಹುಡುಗಿ. ಹನ್ನೊಂದು ವರ್ಷ ಇನ್ಶೂರೆನ್ಸ್ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿದು, ಈಗ ಸ್ವಂತ ಬೋರ್ಡು ಹಾಕಿಕೊಂಡಿದ್ದ ಮೈಥಿಲಿ, ಈ ಕೇಸನ್ನು ಬಿಡಿಗಾಸು ಕೇಳದೆ ಹಿಡಿದದ್ದು ಅದಕ್ಕೇ. ಅಲ್ವಾರೆಸ್ ಅವಳನ್ನು ಒಳಗೆ ಬಿಟ್ಟುಕೊಂಡದ್ದು ಇನ್ಶೂರೆನ್ಸ್ ಕಾಲದ ಪರಿಚಯದಿಂದ.

ಪ್ರಿಂಟುಗಳ ನಕಲು ಹಿಡಿದು ಮೈಥಿಲಿ ಎದ್ದಳು. ಬಾಗಿಲ ಹತ್ತಿರ ಅಲ್ವಾರೆಸ್ ಒಂದು ಮಾತು ಸೇರಿಸಿದಳು. ಎರಡನೆಯ ಕಟ್ಟಡದ್ದೂ ಇಂಥದೇ ಪಟ್ಟಿ ಇದೆ, ಅದನ್ನು ನಿನಗೆ ತೋರಿಸುವುದಿಲ್ಲ, ಏನಾದರೂ ಹೊಳೆದರೆ ಅದರಲ್ಲಿ ಏನಿರುತ್ತದೆ ಎಂದು ಮೊದಲೇ ಬರೆದು ಲಕೋಟೆಗೆ ಹಾಕಿ ಕೊಡು. ಮಗು ಹುಟ್ಟಿದ ಮೇಲೆ ಗಂಡೇ ಅಂತ ನಾನು ಆಗಲೇ ಹೇಳಿದ್ದೆ ಅನ್ನುವ ಜೋಯಿಸರನ್ನು ಮೈಥಿಲಿ ಬೇಕಾದಷ್ಟು ನೋಡಿದ್ದಳು. ಈ ಹೆಂಗಸು ಅವರಿಗೆಲ್ಲ ಸರಿಯಾದ ಮದ್ದು ಅನ್ನಿಸಿತು.

ಸ್ಯಾನ್ ಹೊಸೆಗೆ ಹಿಂದಿರುಗುವಾಗ ಫ್ರೀವೇಯ ಪಕ್ಕದ ದೊಡ್ಡ ಫಲಕಗಳಲ್ಲಿ ಕಳೆದ ವರ್ಷದ ಡಾಟ್‌ಕಾಮ್ ಹೆಸರುಗಳು ಅರ್ಧಂಬರ್ಧ ಹರಿದಿದ್ದವು. ಮನೆಯಲ್ಲಿ ಗಂಡ ವಿಕಾಸ್ ಬಿದ್ದುಹೋದ ಷೇರುಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತಾ, ಎಂಟು ದಿನ ಇಳಿದಿದೆ, ನಾಳೆ ಏರಲೇಬೇಕು ಎಂದ. ನಾಣ್ಯಕ್ಕೆ ನೆನಪಿಲ್ಲ ಎಂದು ಇವನಿಗೆ ಹೇಳಿ ಹೇಳಿ ಮೈಥಿಲಿಗೆ ಸಾಕಾಗಿತ್ತು.

ಅಡುಗೆಮನೆಯ ಮೇಜಿನ ಮೇಲೆ ಅವಳು ವಾರದ ಚೌಕ ಬರೆದಳು. ಅಡ್ಡಕ್ಕೆ ವಾರಗಳು, ಉದ್ದಕ್ಕೆ ಬೆಳಗಿನ ಒಂಬತ್ತರಿಂದ ಸಂಜೆ ಆರರವರೆಗೆ ಗಂಟೆಗಳು. ಅರವತ್ತು ಚುಕ್ಕೆ ಇಟ್ಟಳು. ಜನವರಿಯಿಂದ ಮಾರ್ಚಿವರೆಗಿನದು ಕೆಂಪು, ಆಮೇಲಿನದು ನೀಲಿ.

ಕೆಂಪು ಚುಕ್ಕೆಗಳ ನಡುವೆ ಮಂಗಳವಾರ ಒಂದು ಖಾಲಿ ಜಾಗ ಕಂಡಿತು, ಮೂರರಿಂದ ನಾಲ್ಕೂವರೆ. ಬುಧವಾರ ಹನ್ನೆರಡರಿಂದ ಒಂದೂವರೆ ಖಾಲಿ. ಊಟದ ಹೊತ್ತಿರಬೇಕು ಎಂದುಕೊಂಡಳು. ಗುರುವಾರ ಒಂದೂವರೆಯಿಂದ ಮೂರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು.

ಮೈಥಿಲಿ ಪೆನ್ನು ಕೆಳಗಿಟ್ಟಳು. ಅವಳಿಗೆ ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ. ಮೈಸೂರಿನಲ್ಲಿ ಅಮ್ಮ ಪರೀಕ್ಷೆಗೆ ಕಳಿಸುವಾಗಲೂ ಗಡಿಯಾರ ನೋಡಿ, ಇನ್ನೂ ಹತ್ತು ನಿಮಿಷ ತಡಿ ಎಂದು ಬಾಗಿಲಲ್ಲಿ ನಿಲ್ಲಿಸುತ್ತಿದ್ದಳು. ಇದು ರಾಹುಕಾಲ. ಅಮೆರಿಕದ ಕಂಪ್ಯೂಟರ್ ರಾಹುಕಾಲ ಬಿಟ್ಟು ತಪಾಸಣೆ ಇಡುವುದು ಅವಳು ಈ ಜನ್ಮದಲ್ಲಿ ಕೇಳಿರಲಿಲ್ಲ.

ಆದರೆ ನೀಲಿ ಚುಕ್ಕೆಗಳು ಅವಳ ಸಂತೋಷವನ್ನು ಕಿತ್ತುಕೊಂಡವು. ಏಪ್ರಿಲ್ ಹನ್ನೊಂದರ ಮಂಗಳವಾರ ಮೂರು ಇಪ್ಪತ್ತಕ್ಕೆ ಒಂದು ಚುಕ್ಕೆ, ರಾಹುಕಾಲದ ನಟ್ಟನಡುವೆ. ಏಪ್ರಿಲ್ ಇಪ್ಪತ್ತೆಂಟರ ಶುಕ್ರವಾರ ಹತ್ತು ಐವತ್ತಕ್ಕೆ ಇನ್ನೊಂದು. ಮೇ ನಾಲ್ಕರ ಗುರುವಾರ ಒಂದು ಮುಕ್ಕಾಲಿಗೆ ಮತ್ತೊಂದು. ಹುಡುಕುವ ಹಟ ಇದ್ದವರಿಗೆ ಗೋಡೆಯ ಕಲೆಯಲ್ಲೂ ದೇವರ ಮುಖ ಕಾಣುತ್ತದೆ. ತನಗೂ ಹಾಗೇ ಆಯಿತೇನೋ ಎಂದು ಅವಳಿಗೆ ನಾಚಿಕೆಯಾಯಿತು.

ಮೊಸರು ಮುಗಿದಿತ್ತು. ಗ್ರೋಸರಿಗೆ ಹೊರಟು ಕಾರು ಶುರು ಮಾಡಿದಾಗ ಕಾರಿನ ಗಡಿಯಾರ ಆರು ನಲವತ್ತು ತೋರಿಸಿತು, ಕೈಗಡಿಯಾರ ಏಳು ನಲವತ್ತು. ಏಪ್ರಿಲ್ ಮೊದಲ ಭಾನುವಾರ ಈ ದೇಶದವರು ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಕಾರಿನದನ್ನು ತಿರುಗಿಸುವ ಗೋಜಿಗೆ ಮೈಥಿಲಿ ಯಾವ ವರ್ಷವೂ ಹೋಗುತ್ತಿರಲಿಲ್ಲ. ಅಕ್ಟೋಬರಿನಲ್ಲಿ ಅದು ತಾನಾಗಿ ಸರಿಹೋಗುತ್ತದೆ ಅನ್ನುವುದು ಅವಳ ವಾದ.

ಅವಳು ಕಾರು ನಿಲ್ಲಿಸಿ ಮನೆಯೊಳಗೆ ಓಡಿದಳು. ಆ ದಿನ ಮನೆಯಲ್ಲಿ ಯಾರೂ ಮೊಸರನ್ನ ಉಣ್ಣಲಿಲ್ಲ.

ನೀಲಿ ಚುಕ್ಕೆಗಳಲ್ಲೂ ಖಾಲಿ ಜಾಗ ಇತ್ತು. ಒಂದು ಗಂಟೆ ಕೆಳಗೆ ಜಾರಿತ್ತು ಅಷ್ಟೆ. ಮಂಗಳವಾರ ನಾಲ್ಕರಿಂದ ಐದೂವರೆ, ಗುರುವಾರ ಎರಡೂವರೆಯಿಂದ ನಾಲ್ಕು. ಪಟ್ಟಿ ಬರೆದವರು ಏಪ್ರಿಲ್‌ನಿಂದ ರಾಹುಕಾಲಕ್ಕೆ ಒಂದು ಗಂಟೆ ಸೇರಿಸಿಕೊಂಡಿದ್ದರು. ಸರ್ಕಾರ ಗಡಿಯಾರ ಜರುಗಿಸಬಹುದು, ಸೂರ್ಯನನ್ನು ಜರುಗಿಸಲಾಗದು ಎಂದು ಲೆಕ್ಕ ಹಾಕುವ ತಲೆ ಅದು.

ಸೋಮವಾರವನ್ನು ಪಕ್ಕಕ್ಕಿಟ್ಟರೆ ಉಳಿದದ್ದು ನಲವತ್ತೆಂಟು ತಪಾಸಣೆ. ಒಂಬತ್ತು ಗಂಟೆಯ ಕೆಲಸದ ದಿನದಲ್ಲಿ ರಾಹುಕಾಲ ಒಂದೂವರೆ ಗಂಟೆ, ಅಂದರೆ ಆರರಲ್ಲೊಂದು ಪಾಲು. ದಾಳವನ್ನು ನಲವತ್ತೆಂಟು ಸಲ ಉರುಳಿಸಿ ಒಂದು ಸಲವೂ ಆರು ಬೀಳದಿದ್ದ ಹಾಗೆ. ಅವಳು ಕ್ಯಾಲ್ಕುಲೇಟರ್ ಒತ್ತಿದಳು. ಆರು ಸಾವಿರ ಸಲ ಆಡಿದರೆ ಒಂದು ಸಲ ಹಾಗಾದೀತು.

ಕುಣಿಯಬೇಕು ಅನ್ನಿಸಿತು. ಕುಣಿಯಲು ಎದ್ದವಳು ಹಾಗೇ ಕೂತಳು. ಗಾನವಿಯೂ ಕನ್ನಡದವಳು, ಶಿವಪ್ರಕಾಶೂ ಕನ್ನಡದವರು. ಈ ಸುಳಿವು ಇಬ್ಬರಲ್ಲಿ ಯಾರ ಕುತ್ತಿಗೆಗೆ ಬೀಳುತ್ತದೆ ಅನ್ನುವುದು ಒಂದು ಗಂಟೆಯ ಮೇಲೆ ನಿಂತಿತ್ತು.

ಅದು ಶಿವಪ್ರಕಾಶ್ ಎಂದು ಮೈಥಿಲಿಗೆ ಅನುಮಾನವೇ ಇರಲಿಲ್ಲ. ಹಾಸನದವರು, ಡ್ಯಾನ್‌ವಿಲ್‌ನಲ್ಲಿ ದೊಡ್ಡ ಮನೆ, ಗಾನವಿಗೆ ಈ ಕೆಲಸ ಕೊಡಿಸಿದವರೂ ಅವರೇ. ಮೇ ತಿಂಗಳ ಒಂದು ಭಾನುವಾರ ಅವರ ಹೊಸ ಕಾರಿಗೆ ಪೂಜೆ ಇತ್ತು. ಕ್ಯಾಲೆಂಡರಿನ ಪ್ರಕಾರ ರಾಹುಕಾಲ ಆರಕ್ಕೆ ಮುಗಿದಿತ್ತು. ಆದರೂ ನಿಂಬೆಹಣ್ಣು ಚಕ್ರದ ಕೆಳಗೆ ಇಟ್ಟು ಎಲ್ಲರನ್ನೂ ಏಳರವರೆಗೆ ಕಾಯಿಸಿದ್ದರು. ಹಸಿವಿನಲ್ಲಿ ಕಾದದ್ದು ಮೈಥಿಲಿಗೆ ಚೆನ್ನಾಗಿ ನೆನಪಿತ್ತು. ಗಾನವಿಯಾದರೋ ಇಂಜಿನಿಯರು, ಈ ಕಾಲದ ಹುಡುಗಿ.

ಗುರುವಾರ ಬೆಳಿಗ್ಗೆ ಅವಳು ಅಲ್ವಾರೆಸ್‌ಗೆ ಅಂಟಿಸಿದ ಲಕೋಟೆ ಕೊಟ್ಟಳು. ಒಳಗೆ ಆರು ಸಾವಿರಕ್ಕೆ ಒಂದು ಅನ್ನುವ ಲೆಕ್ಕದ ಕೆಳಗೆ ಎರಡು ಮಾತು ಬರೆದಿದ್ದಳು. ಎರಡನೆಯ ಕಟ್ಟಡದ ಪಟ್ಟಿಯಲ್ಲಿ ಇಂತಿಂಥ ಗಂಟೆಗಳು ಖಾಲಿ ಇರುತ್ತವೆ ಅನ್ನುವುದು ಮೊದಲನೆಯದು. ಪಟ್ಟಿ ಬರೆದವರು ಈ ಗುರುವಾರ ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ ಮುಖ್ಯವಾದ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಅನ್ನುವುದು ಎರಡನೆಯದು. ಕ್ಯಾಲೆಂಡರ್ ಪ್ರಕಾರ ಮೂರಕ್ಕೆ ಎಲ್ಲ ಮುಗಿದಿರುತ್ತದೆ. ಆ ಒಂದು ಗಂಟೆಗೆ ಹೆದರುವವರು, ಗಂಟೆ ಸೇರಿಸಿಕೊಂಡವರು ಮಾತ್ರ.

ಅಲ್ವಾರೆಸ್ ಲಕೋಟೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಐದಕ್ಕೆ ಎಲ್ಲರೆದುರು ಒಡೆಯುತ್ತೇನೆ, ಆಮೇಲೆ ತಿದ್ದಿಕೊಳ್ಳಲು ಬರುವುದಿಲ್ಲ ಎಂದಳು. ಇಬ್ಬರ ಹೇಳಿಕೆಗೂ ಸಹಿ ಬೇಕು, ಪಕ್ಕದಲ್ಲಿ ಸಹಿ ಹಾಕಿದ ಸಮಯವೂ ಬೇಕು ಎಂದೂ ಹೇಳಿದಳು. ಬೇಕಾದಷ್ಟು ತೆಗೆದುಕೊಳ್ಳಿ ಎಂದು ಮೈಥಿಲಿ ನಕ್ಕಳು.

ಮೂರು ಗಂಟೆ ಐದು ನಿಮಿಷಕ್ಕೆ ಅವಳು ಶಿವಪ್ರಕಾಶ್ ಅವರ ಕೋಣೆಯಲ್ಲಿದ್ದಳು. ಕಿಟಕಿಯಾಚೆ ಕೊಲ್ಲಿಯ ನೀರು, ಒಳಗೆ ಫಿಲ್ಟರ್ ಕಾಫಿಯ ವಾಸನೆ. ಐವತ್ತು ದಾಟಿದ ಗುಂಡು ಮೈ, ಸದಾ ನಗುವ ಮುಖ. ಆ ನಗು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂದು ಮೈಥಿಲಿ ಯಾವತ್ತೂ ಕಂಡುಹಿಡಿದಿರಲಿಲ್ಲ. ಕಾಫಿ ತಾವೇ ಬೆರೆಸಿ ಕೊಟ್ಟರು.

ಒಂದೇ ದಿನ ಎರಡು ತಪಾಸಣೆ ಇಲ್ಲದ ವಿಷಯವನ್ನು ಅವಳು ಮೊದಲು ತೆಗೆದಳು. ಅವರು ತಕ್ಷಣ ಒಪ್ಪಿಕೊಂಡರು, ಅದು ಅವಳು ಎಣಿಸಿರದ ಸಂಗತಿ.

"ಅದು ನಂದೇ ಕೈವಾಡ, ಮೈಥಿಲಿ ಅವರೇ. ಒಂದೇ ದಿನ ಎರಡು ಸಲ ಬಿದ್ರೆ ನಮ್ಮ ಹುಡುಗರು ಗೊಣಗ್ತಾರೆ. ಒಂದನ್ನ ಬೇರೆ ದಿನಕ್ಕೆ ಹಾಕ್ತಿದ್ದೆ. ಟೈಮು ಮಾತ್ರ ಮುಟ್ಟಿಲ್ಲ, ಆ ಹುಡುಗಿ ಕೊಟ್ಟಿದ್ದೇ ಟೈಮು."

ಅಂದರೆ ಪಟ್ಟಿ ತಿದ್ದಿದ್ದು ನಿಜ, ಬರೆದದ್ದು ಸುಳ್ಳು. ನಿನ್ನೆ ಅಲ್ವಾರೆಸ್ ಮುಂದೆ ಕಟ್ಟಿದ ವಾದವೆಲ್ಲ ಒಂದು ಲೋಟ ಕಾಫಿ ಮುಗಿಯುವ ಮೊದಲೇ ಕುಸಿಯಿತು. ಮೈಥಿಲಿ ಚೌಕದ ಕಾಗದ ಬಿಡಿಸಿ ಖಾಲಿ ಜಾಗಗಳನ್ನು ತೋರಿಸಿದಳು. ಹೆಸರು ಹೇಳಲಿಲ್ಲ. ಇದೇನು ಕಾಣುತ್ತದೆ ನಿಮಗೆ ಎಂದಷ್ಟೇ ಕೇಳಿದಳು.

ಅವರು ಕನ್ನಡಕ ಏರಿಸಿ ಎರಡು ನಿಮಿಷ ನೋಡಿದರು. ಆಮೇಲೆ ಕನ್ನಡ ಕೂಟದ ಪಿಕ್ನಿಕ್ಕಿನ ಕಥೆ ಹೇಳಿದರು. ಕಳೆದ ಬೇಸಿಗೆಯಲ್ಲಿ ಮೂವತ್ತು ಜನರ ಗುಂಪಿನಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬಂದಿತ್ತಂತೆ. ಹೆಂಗಸರೆಲ್ಲ ಪೂರ್ವಜನ್ಮದ ಋಣಾನುಬಂಧ ಎಂದರಂತೆ. ಇಪ್ಪತ್ತಮೂರು ಜನ ಸೇರಿದರೇ ಅರ್ಧಕ್ಕರ್ಧ ಹಾಗಾಗುತ್ತದೆ ಎಂದು ಇವರು ಲೆಕ್ಕ ಹಾಕಿ ತೋರಿಸಿದರೂ ಯಾರೂ ನಂಬಲಿಲ್ಲವಂತೆ.

"ನೀವು ನೂರು ಥರ ಹುಡುಕಿರ್ತೀರಿ. ವಾರ ನೋಡಿರ್ತೀರಿ, ತಿಥಿ ನೋಡಿರ್ತೀರಿ, ಊಟದ ಹೊತ್ತು ನೋಡಿರ್ತೀರಿ. ನೂರರಲ್ಲಿ ಒಂದು ಹೊಂದ್ಕೊಳ್ಳತ್ತೆ. ಹೊಂದ್ಕೊಂಡಿದ್ದನ್ನ ಮಾತ್ರ ತಂದು ನನ್ನ ಮುಂದೆ ಇಟ್ಟಿದೀರಿ."

"ನೂರು ಥರ ಹುಡುಕಿಲ್ಲ ಸರ್, ಎರಡು. ಮೂರನೇದು ಇನ್ನೊಂದು ಕಟ್ಟಡದ ಪಟ್ಟಿ, ಅದನ್ನ ನಾನು ನೋಡೇ ಇಲ್ಲ. ಏನಿರತ್ತೆ ಅಂತ ಮೊದಲೇ ಬರೆದು ಕೊಟ್ಟಿದೀನಿ. ಐದಕ್ಕೆ ಒಡೀತಾರೆ."

ಆ ನಗು ಒಂದು ಗಳಿಗೆ ನಿಂತಿತು. ಅಥವಾ ನಿಂತಂತೆ ಅವಳಿಗೆ ಕಂಡಿತು, ಅನುಮಾನ ಹೊತ್ತ ಕಣ್ಣಿಗೆ ಕಾಫಿ ಹೀರಲು ತಡೆದದ್ದೂ ತಪ್ಪೊಪ್ಪಿಗೆಯೇ. ಗೋಡೆಯ ಗಡಿಯಾರ ಮೂರು ಇಪ್ಪತ್ತೆರಡು. ಮೈಥಿಲಿ ಹೇಳಿಕೆಯ ಕಾಗದವನ್ನು ಅವರ ಕಡೆ ತಳ್ಳಿದಳು. ಪಟ್ಟಿಯ ದಿನಗಳನ್ನು ತಾವು ಬದಲಿಸಿದ್ದು ನಿಜ ಎಂದು ಅದರ ಕೆಳಗೆ ತಾವೇ ಒಂದು ಸಾಲು ಬರೆದು ಸಹಿ ಹಾಕಬೇಕು ಎಂದಳು. ಈ ಸಹಿಯಿಂದ ಅವರ ಇಪ್ಪತ್ತು ವರ್ಷದ ನೌಕರಿಗೂ ಕುತ್ತು ಬರಬಹುದಿತ್ತು.

ಹೇಳಲಿ, ನಾಲ್ಕು ಗಂಟೆ ಆಗಲಿ ಎಂದು ಒಂದು ಮಾತು ಹೇಳಲಿ. ಫೋನು ಬಂತು ಅನ್ನಲಿ, ಪೆನ್ನು ಸಿಗಲಿಲ್ಲ ಅನ್ನಲಿ. ಅವಳು ಕಾದಳು.

ಶಿವಪ್ರಕಾಶ್ ಜೇಬಿನಿಂದ ಪೆನ್ನು ತೆಗೆದರು. ಕಾಗದವನ್ನು ಒಂದು ಸಲ ಪೂರ್ತಿ ಓದಿ, ಸಾಲು ಬರೆದು, ಸಹಿ ಹಾಕಿ, ಸಮಯ ಮೂರು ಇಪ್ಪತ್ತನಾಲ್ಕು ಎಂದು ಅವರೇ ಬರೆದರು. ಗಡಿಯಾರ ನೋಡಿದ್ದು ಅದೊಂದೇ ಸಲ.

ಮೈಥಿಲಿ ಏನಾದರೂ ಕೇಳಬೇಕಲ್ಲ ಎಂದು ಕಾರಿನ ಪೂಜೆಯ ವಿಷಯ ಕೇಳಿದಳು, ಅವತ್ತು ಏಳರವರೆಗೆ ಯಾಕೆ ಕಾಯಿಸಿದಿರಿ ಎಂದು.

"ಅಯ್ಯೋ, ಅದು ನಾನಲ್ಲ. ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ. ಬಂದಿದ್ದ ಹೆಣ್ಮಕ್ಕಳಲ್ಲಿ ಯಾರೋ ಟೈಮು ಸರಿಯಿಲ್ಲ ಅಂದ್ರಂತೆ, ನಮ್ಮ ಇಂದು ಕಾಯೋಣ ಅಂದ್ಲು. ಯಾರು ಅಂತ ನನಗೆ ನೆನಪಿಲ್ಲ." ಇಂದು ಅವರ ಹೆಂಡತಿ.

ಕಾಗದ ಹಿಡಿದು ಮೈಥಿಲಿ ಲಿಫ್ಟು ಬಿಟ್ಟು ಮೆಟ್ಟಿಲಿಳಿದಳು. ಇಳಿಯುವಾಗ ಇನ್ನೊಂದು ಸಂಗತಿ ಹೊಳೆದು ಎರಡನೆಯ ಮಹಡಿಯಲ್ಲೇ ನಿಂತಳು. ಶಿವಪ್ರಕಾಶ್ ದಿನ ಬದಲಿಸಿ ಸಮಯ ಹಾಗೇ ಇಟ್ಟಿದ್ದರೆ ಖಾಲಿ ಜಾಗಗಳು ಉಳಿಯುತ್ತಿರಲಿಲ್ಲ. ಮಂಗಳವಾರದ ಎರಡು ಗಂಟೆಯನ್ನು ಗುರುವಾರಕ್ಕೆ ಎತ್ತಿ ಹಾಕಿದರೆ ಅದು ಗುರುವಾರದ ರಾಹುಕಾಲದೊಳಗೇ ಬೀಳುತ್ತದೆ. ಹತ್ತು ಹದಿನೈದು ಸಲ ಹಾಗೆ ಎತ್ತಿ ಹಾಕಿದ್ದರೆ ಒಂದೆರಡಾದರೂ ಬಿದ್ದಿರುತ್ತಿದ್ದವು. ಒಂದೂ ಬಿದ್ದಿರಲಿಲ್ಲ.

ಪೂರ್ತಿ ಪಟ್ಟಿ ಅವರೇ ಬರೆದಿದ್ದರೆ ಮೂರು ಇಪ್ಪತ್ತನಾಲ್ಕಕ್ಕೆ ಸಹಿ ಹಾಕುತ್ತಿರಲಿಲ್ಲ. ಅಂದರೆ ಅವರು ಪಟ್ಟಿಯನ್ನು ಮುಟ್ಟಿಯೇ ಇರಲಿಲ್ಲ. ಮುಟ್ಟದ ಪಟ್ಟಿಯನ್ನು ಮುಟ್ಟಿದೆ ಎಂದು ಬರೆದು ಸಹಿ ಹಾಕಿಕೊಟ್ಟಿದ್ದರು. ಮಾಡದ ತಪ್ಪನ್ನು ಮೈಮೇಲೆ ಎಳೆದುಕೊಳ್ಳುವವರನ್ನು ಹನ್ನೊಂದು ವರ್ಷದಲ್ಲಿ ಮೈಥಿಲಿ ಕೆಲವರನ್ನು ಕಂಡಿದ್ದಳು. ಅವರೆಲ್ಲ ಇನ್ಯಾರನ್ನೋ ಕಾಪಾಡುತ್ತಿದ್ದರು. ಇವರು ಯಾರನ್ನು? ಹೆಂಡತಿಗೆ ಈ ಲ್ಯಾಬಿನ ಗೇಟೂ ಗೊತ್ತಿಲ್ಲ.

ಪಾರ್ಕಿಂಗಿನ ಪಕ್ಕದ ಬೆಂಚಿನಲ್ಲಿ ಗಾನವಿ ಕೂತಿದ್ದಳು. ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು, ತೊಡೆಯ ಮೇಲೆ ಕೈಚೀಲ, ಚೀಲದ ಮೇಲೆ ಅವಳ ಹೇಳಿಕೆಯ ಕಾಗದ. ಮೈಥಿಲಿಯನ್ನು ಕಂಡದ್ದೇ ಎದ್ದು ನಿಂತಳು. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ, ಐದಾದ ಮೇಲೆ ಒಳ್ಳೆ ಸುದ್ದಿಯನ್ನೇ ಹೇಳುತ್ತೇನೆ ಎಂದುಕೊಂಡಿದ್ದೇನೆ ಎಂದಳು. ಮೈಥಿಲಿಗೆ ಈ ಹುಡುಗಿಯ ತಲೆ ಸವರಬೇಕು ಅನ್ನಿಸಿತು.

ಮೂರು ನಲವತ್ತೆಂಟು. ಮೈಥಿಲಿ ಪೆನ್ನು ಕೊಟ್ಟು, ಬೇಗ ಸಹಿ ಹಾಕು, ನಾನು ಈಗಲೇ ಎರಡನ್ನೂ ಅಲ್ವಾರೆಸ್‌ಗೆ ಮುಟ್ಟಿಸಬೇಕು ಎಂದಳು. ಗಾನವಿ ಪೆನ್ನು ತೆಗೆದುಕೊಂಡಳು. ಕಾಗದವನ್ನು ಚೀಲದ ಮೇಲೆ ನೇರ ಮಾಡಿಕೊಂಡಳು. ಆಮೇಲೆ ಕೈಗಡಿಯಾರ ನೋಡಿ ಪೆನ್ನಿನ ಮುಚ್ಚಳ ಹಾಕಿದಳು.

"ಅಕ್ಕಾ, ಇನ್ನೊಂದು ಹನ್ನೆರಡು ನಿಮಿಷ ತಡೀರಿ. ನಾಲ್ಕು ಆದ್ಮೇಲೆ ಹಾಕ್ತೀನಿ. ಇವತ್ತಿನ ಸಹಿ ಅಲ್ವಾ, ಈಗ ರಾಹುಕಾಲ."

ಫ್ರೀವೇಯ ಸದ್ದು ಕೇಳುತ್ತಲೇ ಇತ್ತು. ಮೈಥಿಲಿಗೆ ತನ್ನ ದನಿಯೇ ಬೇರೆಯವರದು ಅನ್ನಿಸಿತು. ಗುರುವಾರ ಒಂದೂವರೆಯಿಂದ ಮೂರಲ್ಲವೇ, ಮುಗಿದು ಮುಕ್ಕಾಲು ಗಂಟೆಯಾಯಿತಲ್ಲ ಎಂದಳು.

"ಅದು ಊರಲ್ಲಿ. ಇಲ್ಲಿ ಏಪ್ರಿಲ್‌ನಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸ್ತಾರಲ್ಲ, ಒಂದು ಗಂಟೆ ಸೇರಿಸ್ಕೋಬೇಕು. ಎರಡೂವರೆಯಿಂದ ನಾಲ್ಕು."

ಬೀಗ ಹಾಕಿದ ಕಪಾಟಿನಲ್ಲಿ ತನ್ನದೇ ಅಕ್ಷರದ ಲಕೋಟೆ ಇತ್ತು. ಆರು ಸಾವಿರಕ್ಕೆ ಒಂದು ಎಂದು ತಾನೇ ಹೆಮ್ಮೆಯಿಂದ ಒತ್ತಿ ಬರೆದಿದ್ದಳು. ಅದನ್ನು ಒಡೆಯಲು ಇನ್ನು ಒಂದು ಗಂಟೆ ಹತ್ತು ನಿಮಿಷ. ಈ ಕ್ಷಣ ಗದರಿಸಿ ಸಹಿ ಹಾಕಿಸಿದರೆ ಹುಡುಗಿ ಹಾಕಿಬಿಡುತ್ತಾಳೆ, ಮೂರು ಐವತ್ತು ಎಂದು ಬರೆದೂ ಬಿಡುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ. ಮೈಥಿಲಿಯ ಕೈ ಆ ಕಾಗದದ ಕಡೆ ಚಾಚಿಯೇ ಬಿಟ್ಟಿತ್ತು.

ಆಗ ಅವಳಿಗೊಂದು ಆಸೆ ಹುಟ್ಟಿತು. ಗಂಟೆ ಸೇರಿಸುವವರು ಎಷ್ಟು ಜನ ಎಂದು ತಾನು ಎಣಿಸಿಯೇ ಇರಲಿಲ್ಲ. ಈ ಕೊಲ್ಲಿಯ ಸುತ್ತ ಸಾವಿರಾರು ಕನ್ನಡದವರಿದ್ದಾರೆ. ಅರ್ಧಕ್ಕರ್ಧ ಜನ ಹೀಗೇ ನೋಡುವವರಾದರೆ ಸುಳಿವಿಗೆ ಮೂರು ಕಾಸಿನ ಬೆಲೆ ಇಲ್ಲ, ಅದು ಯಾರನ್ನೂ ಹಿಡಿಯುವುದಿಲ್ಲ, ಗಾನವಿಯನ್ನೂ ಹಿಡಿಯುವುದಿಲ್ಲ. ನಿಮ್ಮ ಕಡೆಯವರೆಲ್ಲ ಹೀಗೇ ಸೇರಿಸಿಕೊಂಡು ನೋಡುತ್ತಾರಾ ಎಂದು ಕೇಳಿದಳು. ಹೌದು ಅನ್ನಲಿ ಎಂದು ಅಮ್ಮನ ದೇವರಿಗೆಲ್ಲ ಒಳಗೊಳಗೇ ಕೈ ಮುಗಿದಳು.

ಗಾನವಿ ಎರಡು ದಿನದಲ್ಲಿ ಮೊದಲನೆಯ ಸಲ ನಕ್ಕಳು.

"ಇಲ್ಲ ಅಕ್ಕಾ. ಎಲ್ಲಾರೂ ಕ್ಯಾಲೆಂಡರ್‌ನಲ್ಲಿ ಇದ್ದ ಹಾಗೇ ನೋಡ್ತಾರೆ, ಯಾರೂ ಯೋಚನೆ ಮಾಡಲ್ಲ. ಇದು ನಾನೇ ಕೂತು ಲೆಕ್ಕ ಹಾಕಿದ್ದು."